ಜೋಳದ ಹಿಟ್ಟು ಬಳಿದುಕೊಂಡ ಗಾಡಿ

ಅವರ ಹೆಸರು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. ತಿಥಿಯ ದಿನದ ಊಟಕ್ಕೆ ಬರಬೇಕೆಂದು ಅವರ ಮಗ ಫೋನಿಗೆ ಕಳಿಸಿದ ಸಂದೇಶದಲ್ಲಿ ಉದ್ದನೆಯ, ಗಂಭೀರವಾದ ಒಂದು ಹೆಸರಿತ್ತು. ಯಾರೋ ಬೇರೆಯವರು ಹೋಗಿದ್ದಾರೆ ಅಂದುಕೊಂಡು ಒಂದು ಕ್ಷಣ ಹಗುರಾದೆ. ಆಮೇಲೆ ಅರ್ಥವಾಗಿ, ಫೋನನ್ನು ಮಗುಚಿಟ್ಟೆ. ಮುಂಬಯಿಯ ಹೊರವಲಯದ ಕಲ್ಯಾಣದಿಂದ ಕಾಮೋಠೆಯವರೆಗೆ ಅವರನ್ನು ಬಲ್ಲವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಆ ಉದ್ದನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಕು ಎಲ್ಲಿಂದಲೋ ಬಗ್ಗಿ ನೋಡಿ, "ಇದ್ಯಾರೋ ತಮ್ಮಾ ಈಕಿ?" ಎಂದು ಕೇಳಿಯಾರು.

ಕಾಕು ವಿಜಯಪುರದ ಕಡೆಯವರು, ಮದುವೆಯಾಗಿ ಕಲ್ಯಾಣಕ್ಕೆ ಬಂದವರು. ಮಾರುತ್ತಿದ್ದದ್ದು ಖಡಕ್ ರೊಟ್ಟಿ. ಹಳೆಯ ಚಾಳಿನ ನೆಲಮಹಡಿಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುವುದು, ಬೇಯಿಸಿ ಒಣಗಿಸುವುದು, ಬಿಳಿ ಬಟ್ಟೆ ಹಾಸಿದ ದೊಡ್ಡ ಡಬ್ಬಿಗಳಲ್ಲಿ ತುಂಬುವುದು. ಆಮೇಲೆ ಒಂದು ಮುದಿ ಡೀಸೆಲ್ ಪಿಕಪ್ಪಿನ ಹಿಂದೆ ಆ ಡಬ್ಬಿಗಳನ್ನು ಹೇರಿ ಡೊಂಬಿವಲಿ, ಕಾಮೋಠೆ, ಬೇಲಾಪುರದ ಅಂಗಡಿಗಳಿಗೆ ಹಾಕಿ ಬರುವುದು. ಗಾಡಿ ಓಡಿಸುತ್ತಿದ್ದವರೂ ಅವರೇ. ಇಲಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಸೀಟಿನ ಮೇಲೆ ಒಂದು ದಿಂಬು ಹಾಕಿಕೊಂಡು ಕೂತರೆ ಸ್ಟಿಯರಿಂಗಿನ ಮೇಲೆ ಅವರ ಕುಂಕುಮ ಮತ್ತು ಕನ್ನಡಕ ಮಾತ್ರ ಕಾಣುತ್ತಿದ್ದವು. ಟ್ರಾಫಿಕ್ ಪೊಲೀಸರು ಮೊದಲು ಗಾಬರಿಯಾಗುತ್ತಿದ್ದರು, ಆಮೇಲೆ ಸಲಾಮು ಹೊಡೆಯುತ್ತಿದ್ದರು.

ನಾನು ಅದೇ ಚಾಳಿನ ಮೇಲಿನ ಮಹಡಿಯ ಬಾಡಿಗೆಯವನು, ಬೇಲಾಪುರದ ಒಂದು ಆಫೀಸಿನಲ್ಲಿ ಗುಮಾಸ್ತ. ಒಂದು ಬೆಳಿಗ್ಗೆ ಲೋಕಲ್‌ಗಳೆಲ್ಲ ಕೆಟ್ಟು ನಿಂತು, ನಾನು ಸ್ಟೇಷನ್ನಿನಿಂದ ಜೋಲು ಮುಖ ಹಾಕಿಕೊಂಡು ವಾಪಸು ಬರುತ್ತಿದ್ದಾಗ ಗಾಡಿ ಪಕ್ಕಕ್ಕೆ ಬಂದು ನಿಂತಿತು. "ಏ ಉಡುಪಿ, ಹತ್ತು." ನನ್ನ ಊರು ಕುಂದಾಪುರದ ಹತ್ತಿರ ಎಂದು ನಾನು ಹೇಳಿದೆ. "ಅಕ್ಕಿ ತಿನ್ನಾವ್ರೆಲ್ಲಾ ನನಗ ಉಡುಪೀನ" ಎಂದು ಗಾಡಿ ಬಿಟ್ಟರು. ಅವತ್ತಿನಿಂದ ಬೇಲಾಪುರದ ಫೇರಿ, ಅಂದರೆ ರೊಟ್ಟಿ ಹಾಕುವ ಸುತ್ತು, ಇದ್ದ ದಿನಗಳಲ್ಲೆಲ್ಲ ನಾನು ಅವರ ಪಕ್ಕದ ಸೀಟಿನವನಾದೆ.

ಆ ಸವಾರಿಗಳನ್ನು ನೆನೆದರೆ ಈಗಲೂ ನನಗೆ ಸಣ್ಣಗೆ ನಿದ್ದೆ ಬರುತ್ತದೆ. ಶೀಳಫಾಟಾ ದಾಟಿ ತಳೋಜೆಯ ರಸ್ತೆ ಹಿಡಿದರೆ ಮಂಜೋ ಕಾರ್ಖಾನೆಯ ಹೊಗೆಯೋ ಗೊತ್ತಾಗದ ಒಂದು ಬಿಳುಪು. ಅದರೊಳಗಿಂದ ಎಮ್ಮೆಗಳು ಎದ್ದು ಬರುತ್ತಿದ್ದವು, ಲಾರಿಗಳ ದೀಪಗಳು ತೇಲಿ ಹೋಗುತ್ತಿದ್ದವು. ಬೆನ್ನ ಹಿಂದೆ ಡಬ್ಬಿಯೊಳಗೆ ರೊಟ್ಟಿಗಳು ಒಂದಕ್ಕೊಂದು ತಾಗಿ ಮೆತ್ತಗೆ ಸದ್ದು ಮಾಡುತ್ತಿದ್ದವು. ಗಾಡಿಯ ಎರಡನೆಯ ಗೇರು ಕೇಳಿದ ಕೂಡಲೇ ಬೀಳುತ್ತಿರಲಿಲ್ಲ. ಕಾಕು ಗೇರಿನ ಗುಂಡಿಯ ಮೇಲೆ ಅಂಗೈಯಿಟ್ಟು, "ಬಾರವ್ವಾ, ಬಾ" ಎಂದು ಕರೆಯುತ್ತಿದ್ದರು. ಆಗ ಬೀಳುತ್ತಿತ್ತು. ಅದು ಕ್ಲಚ್ಚಿನ ಹದ ಎಂದು ನಾನು ಹೇಳಿದರೆ, "ನೀ ಕರದು ನೋಡು, ಬರ್ತೈತೇನು" ಎನ್ನುತ್ತಿದ್ದರು.

ದಾರಿಯಲ್ಲಿ ಕಾಕು ಕನಸು ಹೇಳುತ್ತಿದ್ದರು. ಬೇರೆಯವರು ಹವಾಮಾನದ ಬಗ್ಗೆ ಮಾತಾಡುವ ಹಾಗೆ ಅವರಿಗೆ ಹಿಂದಿನ ರಾತ್ರಿಯ ಕನಸು.

"ನಿನ್ನಿ ಗಾಡಿ ಬೇಲಾಪುರದ ಖಾಡಿ ನೀರಿನ ಮ್ಯಾಲ ಹೊಂಟಿತ್ತು ನೋಡಪಾ. ನೀರು ಒಂಚೂರೂ ಸಿಡೀಲಿಲ್ಲ."

"ಯಾವ ಗೇರಲ್ಲಿ ಇದ್ರಿ ಕಾಕು?"

"ಮೂರು. ನೀರಿನ ಮ್ಯಾಲ ನಾಕು ಹಾಕಬಾರ್ದು."

ಇನ್ನೊಂದು ದಿನ ರೊಟ್ಟಿಗಳು ಡಬ್ಬಿಯಿಂದೆದ್ದು ಕೊಕ್ಕರೆಗಳ ಜೊತೆ ಹಾರಿದವಂತೆ, ಇವರು ಹಾರನ್ ಹೊಡೆದು ಅವನ್ನು ವಾಪಸು ಕರೆದರಂತೆ. ಅರೆನಿದ್ದೆಯಲ್ಲಿ ಕೇಳಿಸಿಕೊಂಡ ನನಗೆ ಈಗ ಕೆಲವು ಗೊಂದಲಗಳಿವೆ. ಖಾರಘರದ ಬೆಟ್ಟದ ಮೇಲೆ ಯಾರೋ ಸಾಲಾಗಿ ಬಿಳಿ ಬಟ್ಟೆ ಒಣಹಾಕಿದ್ದನ್ನು ನಾನು ಕಿಟಕಿಯಿಂದ ಕಂಡೆನೋ, ಕಾಕು ಹೇಳಿದರೋ, ಹೇಳಲು ಬರುವುದಿಲ್ಲ. ಕೇಳೋಣವೆಂದರೆ ಅವರಿಲ್ಲ.

ಅವರೇನು ಸಾಧು ಹೆಂಗಸಲ್ಲ. ತಮ್ಮ ರೊಟ್ಟಿ ಬಿಟ್ಟು ಜಗತ್ತಿನ ಬೇರೆ ಯಾವ ರೊಟ್ಟಿಯನ್ನೂ ಅವರು ರೊಟ್ಟಿ ಎಂದು ಒಪ್ಪಿದವರಲ್ಲ. ನಮ್ಮ ನೀರುದೋಸೆಯನ್ನು ಒಮ್ಮೆ ಎತ್ತಿ ಹಿಡಿದು, ಅದರ ಮೂಲಕ ಬೆಳಕು ನೋಡಿ, "ಇದನ್ನ ಉಟ್ಕೋತಾರೋ, ತಿಂತಾರೋ?" ಎಂದು ಕೇಳಿದವರು. ಇಂಥವರ ರೊಟ್ಟಿಯನ್ನು ಕಾಮೋಠೆಯ ಅಂಗಡಿಯವನೊಬ್ಬ ಒಂದು ದಿನ ಡಬ್ಬಿಸಮೇತ ವಾಪಸು ಮಾಡಿದ. ರೊಟ್ಟಿಗೆ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಗಿರಾಕಿಗಳು ಬೈಯುತ್ತಾರೆ ಎಂದ.

ಕಾಕುವಿನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಬಂದವರೇ ಗಾಡಿಯ ಕೆಳಗೆ ರಟ್ಟು ಹಾಸಿ ಮಲಗಿ ಮೂಸಿ ಮೂಸಿ ಹುಡುಕಿದರು. ಇಂಜಿನ್ನಿನ ಮೇಲುಭಾಗದಿಂದ ಒಂದು ರಬ್ಬರ್ ಪೈಪು ಇಳಿದು ಬಂದು, ನೆಲದ ಕಡೆ ಬಾಯಿ ಮಾಡಿ ತೆಳ್ಳಗೆ ಹೊಗೆಯಾಡುತ್ತಿತ್ತು. ಆ ಹೊಗೆಯೇ ಗಾಳಿಗೆ ತಿರುಗಿ ಹಿಂದಿನ ಡಬ್ಬಿಗಳಿಗೆ ಹೊಡೆಯುತ್ತಿದ್ದದ್ದು. ಕಾಕು ಒಳಗೆ ಹೋಗಿ ಹಳೆಯ ಸೀರೆಯ ಒಂದು ತುಂಡು ತಂದರು, ಸುರುಳಿ ಸುತ್ತಿ ಪೈಪಿನ ಬಾಯಿಗೆ ತುರುಕಿದರು, ಪೈಪನ್ನು ಮೇಲಕ್ಕೆ ಮಡಚಿ ತಂತಿಯಿಂದ ಬಿಗಿದರು.

"ಬಾಯಿ ಮುಚ್ಚಿಸಿದೆ ನೋಡು" ಎಂದು ಮರುದಿನ ನನಗೆ ಹೆಮ್ಮೆಯಿಂದ ಹೇಳಿದರು. ವಾಸನೆ ನಿಜವಾಗಿಯೂ ಹೋಗಿತ್ತು. ಕಾಮೋಠೆಯವನು ರೊಟ್ಟಿ ಮೂಸಿ, ಮುರಿದು, ತಿಂದು, ಡಬ್ಬಿ ಇಳಿಸಿಕೊಂಡ.

ಸ್ವಲ್ಪ ದಿನಕ್ಕೆ ಗಾಡಿಯಿಂದ ಎಣ್ಣೆ ಸೋರಲು ಶುರುವಾಯಿತು.

ಬೇರೆ ಹೊತ್ತಿನಲ್ಲಾಗಿದ್ದರೆ ದೊಡ್ಡ ಮಾತಲ್ಲ. ಆದರೆ ಆ ವರ್ಷ ಗಾಡಿಗೆ ಪಾಸಿಂಗ್ ಇತ್ತು. ವಯಸ್ಸಾದ ಗಾಡಿಯನ್ನು ಸರಕಾರದವರು ಕೆಳಗೆ ಮೇಲೆ ನೋಡಿ, ಇನ್ನೂ ಓಡಬಹುದು ಎಂದು ಒಪ್ಪಿಗೆ ಕೊಡುವುದು. ಎಣ್ಣೆ ತೊಟ್ಟಿಕ್ಕುವ ಗಾಡಿಗೆ ಆ ಒಪ್ಪಿಗೆ ಕಷ್ಟ. ಕಾಕುವಿನ ಒಬ್ಬನೇ ಮಗ ಕಾಮೋಠೆಯಲ್ಲಿ ಹೆಂಡತಿಯೊಂದಿಗೆ ಫ್ಲ್ಯಾಟಿನಲ್ಲಿದ್ದ. ಅಮ್ಮ ಲಾರಿಗಳ ನಡುವೆ ಓಡಾಡುವುದು ಅವನಿಗೆ ಸದಾ ಭಯ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಅವನ ಉತ್ತರ ಮರಾಠಿಯಲ್ಲೋ ಹಿಂದಿಯಲ್ಲೋ. "ಆಯಿ, ಪಾಸಿಂಗ್ ನಹೀಂ ಹುವಾ ತೋ ಗಾಡಿ ಭಂಗಾರ್ ಮೇಂ. ಪಕ್ಕಾ?" ಎಂದು ನನ್ನೆದುರಿಗೇ ಕೇಳಿದ್ದ. ಪಾಸಾಗದಿದ್ದರೆ ಗುಜರಿಗೆ, ಅಮ್ಮ ಕಾಮೋಠೆಗೆ. ಗಾಡಿ ಗಟ್ಟಿಯಿದ್ದ ಕಾಲ ಅದು. ಕಾಕು ಬಾನೆಟ್ಟಿನ ಮೇಲೆ ಕೈಯಿಟ್ಟು, "ಪಕ್ಕಾ" ಎಂದು ಆಣೆ ಮಾಡಿಬಿಟ್ಟಿದ್ದರು.

ಆದ್ದರಿಂದ ಆ ಸೋರಿಕೆಯ ಜೊತೆ ಅವರದು ಯುದ್ಧವೇ ಆಯಿತು. ಮೊದಲು ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ರೊಟ್ಟಿ ತೆಗೆಯುವ ಹಳೆಯ ತಗಡಿನ ಪಟ್ಟಿಯಿಂದ ಎಣ್ಣೆ ತಡೆಯುವ ಕರಕಾದ ಪ್ಯಾಕಿಂಗನ್ನು ಕೆರೆದು, ಹೊಸದು ಕೂರಿಸಿದರು. ಅಲ್ಲಿ ನಿಂತಿತು, ಕೆಳಗಿನ ಎಣ್ಣೆಯ ಚೇಂಬರಿನ ಅಂಚಿನಲ್ಲಿ ಕಾಣಿಸಿತು. ಬೋಲ್ಟು ಬಿಗಿದರು. ಬಿಗಿದಷ್ಟೂ ಪ್ಯಾಕಿಂಗ್ ಹಿಸುಕಿಕೊಂಡು ಇನ್ನಷ್ಟು ಜಿನುಗಿತು. ಚೇಂಬರಿಗೂ ಹೊಸ ಪ್ಯಾಕಿಂಗ್ ಬಂತು. ಆಮೇಲೆ ಇಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿಂದ ತೊಟ್ಟಿಕ್ಕಿತು. ಮಾರ್ಕೆಟ್ಟಿನ ಹಿಂದಿನ ಗ್ಯಾರೇಜಿನ ಮಿಸ್ತ್ರಿ ಗೇರ್‌ಬಾಕ್ಸನ್ನೇ ಇಳಿಸಿ ಒಳಗಿನ ಸೀಲ್ ಬದಲಾಯಿಸಿದ. ಮಡಚಿ ಕಟ್ಟಿದ್ದ ಪೈಪು ಅವನಿಗೆ ಕಂಡಿತ್ತು, ಬೇಡದ ಯಾವುದೋ ಪೈಪಿರಬೇಕು ಎಂದುಕೊಂಡ. ಕಾಕುವೂ ಅದರ ಮಾತೆತ್ತಲಿಲ್ಲ. ಅದು ಅವರ ಲೆಕ್ಕದಲ್ಲಿ ಮುಗಿದ ಕೆಲಸ.

ಸೋರುವ ಜಾಗ ಹಿಡಿಯಲು ಅವರದೊಂದು ಸ್ವಂತ ವಿಧಾನವಿತ್ತು. ಗಾಡಿಯ ಹೊಟ್ಟೆಯನ್ನೆಲ್ಲ ಡೀಸೆಲ್ಲಿನಿಂದ ತೊಳೆದು, ಒರೆಸಿ ಒಣಗಿಸಿ, ಜೋಳದ ಹಿಟ್ಟನ್ನು ಹಿಡಿಹಿಡಿಯಾಗಿ ಉಗ್ಗುತ್ತಿದ್ದರು. ಒಂದು ಸುತ್ತು ಓಡಿಸಿ ಬಂದು ನೋಡಿದರೆ, ಎಣ್ಣೆ ಹೊರಟ ಜಾಗದಲ್ಲಿ ಹಿಟ್ಟು ಕಪ್ಪಾಗಿ ಗೆರೆ ಬಿದ್ದಿರುತ್ತಿತ್ತು. ಹಿಟ್ಟು ಬಳಿದುಕೊಂಡು ಬೆಳ್ಳಗೆ ನಿಂತ ಗಾಡಿಯನ್ನು ಕಂಡು, ಚಾಳಿನ ಕೊನೆಯ ಮನೆಯ ಮರಾಠಿ ಅಜ್ಜಿ ಇದು ದಕ್ಷಿಣದವರ ಯಾವುದೋ ಪೂಜೆ ಎಂದುಕೊಂಡು ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ಕೈಮುಗಿದು ಹೋದರು. ಕಾಕು ತಡೆಯಲಿಲ್ಲ. "ಇರ್ಲಿ ಬಿಡು. ಈಗ ಯಾರ ಕೈಗುಣ ಹತ್ತತೈತೋ ಯಾರಿಗೆ ಗೊತ್ತು" ಎಂದರು.

ಯಾರ ಕೈಗುಣವೂ ಹತ್ತಲಿಲ್ಲ. ಈಗ ಹಿಟ್ಟು ಒಂದು ಕಡೆಯಲ್ಲ, ಎಲ್ಲ ಕೀಲುಗಳಲ್ಲೂ ಕಪ್ಪಾಗುತ್ತಿತ್ತು. ಎಣ್ಣೆ ಎಷ್ಟಿದೆ ನೋಡುವ ಕಡ್ಡಿಯಂತೂ ಇದ್ದಕ್ಕಿದ್ದ ಹಾಗೆ ತಾನೇ ಮೇಲೆದ್ದು ಬರುತ್ತಿತ್ತು. ಕಾಕು ಅದನ್ನು ಒತ್ತಿ, ಬೈದು, ರಬ್ಬರ್ ಬ್ಯಾಂಡಿನಿಂದ ಕಟ್ಟಿಹಾಕಿದರು. ಮಿಸ್ತ್ರಿಯ ಜೊತೆ ಜಗಳವಾಯಿತು; ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಅವನ ಕಸುಬನ್ನು ಜಾಲಾಡಿದರು. ಅವನು ಕೈ ಒರೆಸಿಕೊಳ್ಳುತ್ತ ನಿಂತಿದ್ದ. ವಾಪಸು ಬರುವಾಗ ಕಾಕು ಎರಡನೆಯ ಗೇರನ್ನು ಕರೆಯಲಿಲ್ಲ, ಎಳೆದು ಹಾಕಿದರು.

ಮರುದಿನ ಬೆಳಿಗ್ಗೆ ತಳೋಜೆ ದಾಟಿದರೂ ಕನಸಿನ ಸುದ್ದಿ ಬರಲಿಲ್ಲ. ನಾನೇ ಕೇಳಿದೆ, "ನಿನ್ನೆ ಎಂತ ಬಿತ್ತು ಕಾಕು?"

"ಏನೂ ಬೀಳ್ಲಿಲ್ಲ." ಎದುರಿನ ಲಾರಿಗೆ ದಾರಿ ಬಿಟ್ಟು ಅವರೇ ಅಂದರು, "ಗಾಡಿಗೆ ವಯಸ್ಸಾತೇನೋ ತಮ್ಮಾ. ನನಗೂ ಆಗಿರಬೇಕು. ಎಣ್ಣಿ ತನ್ನ ಪಾಡಿಗೆ ಹೊಂಟೈತಿ, ಹಿಡಿಯಾಕ ಆಗವಲ್ದು."

ಅವರ ಬದುಕೆಲ್ಲ ಆ ಸೀಟಿನ ಮೇಲಿತ್ತು. ನನ್ನದೂ ಸ್ವಲ್ಪ ಇತ್ತು.

ಆ ಭಾನುವಾರ ಮಧ್ಯಾಹ್ನ ನಾನು ಮೊಸರು ಕೇಳಲು ಕೆಳಗಿಳಿದಿದ್ದೆ. ಹೆಂಗಸರು ಮನೆಗೆ ಹೋಗಿದ್ದರು. ಕಾಕು ಒಬ್ಬರೇ ತಮಗೆ ಬಿಸಿರೊಟ್ಟಿ ಮಾಡಿಕೊಳ್ಳುತ್ತಿದ್ದರು. ಪಾಸಿಂಗ್ ಆ ವಾರವೇ. ಹಂಚಿನ ಮೇಲೆ ರೊಟ್ಟಿ ಉಬ್ಬಿತು, ಅಂಚಿನಲ್ಲಿ ಒಂದು ಕಡೆ ಬಿರುಕು ಬಿಟ್ಟು ಹಬೆ ಸುಯ್ಯೆಂದಿತು. ಕಾಕು ಮಡಿಚಿದ ಬಟ್ಟೆಯಿಂದ ಅಲ್ಲಿ ಒತ್ತಿದರು. ಹಬೆ ಈಚೆಯ ಅಂಚಿನಿಂದ ಬಂತು. ಅಲ್ಲಿ ಒತ್ತಿದರು. ಇನ್ನೊಂದು ಕಡೆ ಒಡೆಯಿತು. ಅವರ ಕೈ ಹಾಗೇ ನಿಂತಿತು. ರೊಟ್ಟಿ ಸೀಯುತ್ತಿದ್ದರೂ ನೋಡುತ್ತಲೇ ಇದ್ದರು.

"ತಮ್ಮಾ," ಎಂದರು ಮೆಲ್ಲಗೆ, "ನಾ ಆ ಪೈಪಿನ ಬಾಯಾಗ ಬಟ್ಟಿ ತುರುಕೀನಲ್ಲೋ."

ಒಲೆ ಆರಿಸಲು ನನಗೆ ಹೇಳಿ, ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಹೋದರು. ಗಾಡಿಯ ಕೆಳಗೆ ಅವರ ತಲೆ ಮಾಯವಾಯಿತು, ಕಾಲುಗಳು ಮಾತ್ರ ಹೊರಗಿದ್ದವು. ತಂತಿ ಬಿಚ್ಚುವ ಸದ್ದು ಬಂತು. ಆಮೇಲೆ ಎಣ್ಣೆ ಕುಡಿದು ಕಪ್ಪಾದ ಸೀರೆಯ ತುಂಡು ಹಾರಿ ಬಂದು ನನ್ನ ಚಪ್ಪಲಿಯ ಹತ್ತಿರ ಬಿತ್ತು. ಇಂಜಿನ್ ಚಾಲೂ ಮಾಡಿದರು. ಪೈಪು ಒಮ್ಮೆ ಕೆಮ್ಮಿತು, ಒಂದಿಷ್ಟು ಕಪ್ಪು ಉಗುಳಿತು, ಆಮೇಲೆ ಪುಸುಪುಸು ಎಂದು ಹದವಾಗಿ ಹೊಗೆ ಬಿಡತೊಡಗಿತು. ಕಾಕು ರಬ್ಬರ್ ಬ್ಯಾಂಡು ಕಿತ್ತರು. ಎಣ್ಣೆಯ ಕಡ್ಡಿ ಅಲುಗಾಡದೆ ಕೂತಿತ್ತು.

"ಉಸಿರು ಬಿಡಾಕ ಜಾಗಾನ ಇಟ್ಟಿದ್ದಿಲ್ಲಲ್ಲೋ ಅದಕ್ಕ! ಪಾಪ, ಸಂದಿ ಸಂದಿಲೇ ಉಸಿರು ಬಿಟ್ಟೈತಿ" ಎಂದು ನಗಲು ಶುರುಮಾಡಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಹಿಟ್ಟಿನ ಕೈಯಿಂದ ಒರೆಸಿಕೊಂಡು ಮುಖವೆಲ್ಲ ಗಾಡಿಯ ಹಾಗೇ ಬೆಳ್ಳಗಾಯಿತು. ಇಂಜಿನ್ನಿನ ಬಿಸಿ ಹೊಗೆಗೆ ದಾರಿ ಬೇಕು, ದಾರಿ ಮುಚ್ಚಿದರೆ ಅದು ಎಣ್ಣೆಯನ್ನು ಸಿಕ್ಕ ಸಿಕ್ಕ ಕೀಲಿನಿಂದ ಹೊರಗೆ ನೂಕುತ್ತದೆ. ಇಷ್ಟೇ ಸಂಗತಿ. ಇಂಥ ತಪ್ಪು ರೊಟ್ಟಿಯ ಮೇಲೆ ಅಷ್ಟು ಅಭಿಮಾನ ಇರುವವರಿಂದ ಮಾತ್ರ ಆಗುವಂಥದ್ದು.

ಮತ್ತೆ ತೊಳೆದು ಹಿಟ್ಟು ಉಗ್ಗಿದೆವು. ಶೀಳಫಾಟಾದವರೆಗೆ ಹೋಗಿ ಬಂದರೂ ಹಿಟ್ಟು ಬೆಳ್ಳಗೇ ಇತ್ತು. ರೊಟ್ಟಿಗೆ ಹೊಗೆ ತಾಗದ ಹಾಗೆ ಕಾಕು ಪೈಪಿಗೆ ಇನ್ನೊಂದು ಪೈಪು ಜೋಡಿಸಿ ಗಾಡಿಯ ಬಾಲದವರೆಗೆ ಒಯ್ದರು. ಅದರ ತುದಿಗೆ, ಮುಚ್ಚಳದಲ್ಲಿ ತೂತು ಮಾಡಿದ ಒಂದು ಸ್ಟೀಲ್ ಡಬ್ಬಿ ಕಟ್ಟಿದರು. ಹೊಗೆ ತೂತಿನಿಂದ ಹೋಗಲಿ, ಹನಿ ಡಬ್ಬಿಯಲ್ಲಿ ಉಳಿಯಲಿ ಎಂದು. ಮರುದಿನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಒಂದು ದೊಡ್ಡ ಕಟ್ಟು ರೊಟ್ಟಿ, ಮೇಲೊಂದು ಪೊಟ್ಟಣ ಶೇಂಗಾ ಚಟ್ನಿಯನ್ನು ಮಿಸ್ತ್ರಿಯ ಬೆಂಚಿನ ಮೇಲಿಟ್ಟು ತಿರುಗಿದರು. ಕ್ಷಮಿಸು ಎನ್ನುವುದು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮಿಸ್ತ್ರಿ ರೊಟ್ಟಿಯ ಕಟ್ಟನ್ನೆತ್ತಿ, ಎಣ್ಣೆಯ ವಾಸನೆ ಹುಡುಕುವವನಂತೆ ಮೂಸಿ, "ತೇಲ್ ಕಾ ಬಾಸ್ ತೋ ನಹೀಂ ಹೈ ನಾ, ಕಾಕೂ?" ಎಂದ. ಕಾಕು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅಲ್ಲಿಗೆ ರಾಜಿಯಾಯಿತು.

ಗಾಡಿ ಪಾಸಾಯಿತು. ಅವತ್ತು ಕಾರಣವಿಲ್ಲದೆ ಕಾಟೈ ನಾಕಾದವರೆಗೂ ಹಾರನ್ ಹೊಡೆದರು.

ಆಮೇಲಿನ ಒಳ್ಳೆಯ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ನಾನು ಅವುಗಳಲ್ಲಿ ಅರ್ಧದಷ್ಟನ್ನು ಆ ಸೀಟಿನಲ್ಲಿ ತೂಕಡಿಸಿ ಕಳೆದೆ. ಕೊನೆಗೆ ಗಾಡಿಯಲ್ಲ, ಕಾಕುವಿನ ಕಣ್ಣು ಕೈಕೊಟ್ಟಿತು. ಆಪರೇಷನ್ ಆದರೂ ಎದುರಿನ ದೀಪಗಳು ಕರಗಿದ ಹಾಗೆ ಕಾಣುತ್ತವೆ ಎಂದರು, ಕೀಲಿಯನ್ನು ತಾವೇ ಮಗನ ಕೈಗೆ ಹಾಕಿದರು. ರೊಟ್ಟಿಯ ಕೆಲಸ ಓಣಿಯ ಹೆಂಗಸರಿಗೆ ಹೋಯಿತು. ಕಾಕು ಕಾಮೋಠೆಯ ಫ್ಲ್ಯಾಟಿಗೆ ಹೋದರು, ಗಾಡಿ ಅದೇ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ನಿಂತಿತು. ಮಾರುವ ಮಾತನ್ನು ಮಗ ಎತ್ತಲಿಲ್ಲ, ಅಷ್ಟು ಮಟ್ಟಿಗೆ ಅವನು ಒಳ್ಳೆಯವನು.

ಕೆಲವು ತಿಂಗಳಿಗೆ ಅವನೇ ನನಗೆ ಫೋನು ಮಾಡಿದ. ಆಯಿ ವಾಚ್‌ಮನ್ ಜೊತೆ ಜಗಳವಾಡುತ್ತಾಳೆ, ಹಾಲಿನವನ ಜೊತೆ ಜಗಳವಾಡುತ್ತಾಳೆ, ಸೊಸೆ ಮಾಡಿದ ಚಹಾ ಚೆಲ್ಲುತ್ತಾಳೆ, ಒಂದನ್ನು ಸಮಾಧಾನ ಮಾಡಿದರೆ ಇನ್ನೊಂದು ಎಂದು ಹಿಂದಿಯಲ್ಲಿ ತೋಡಿಕೊಂಡ. ನಾನು ಹೋದೆ. ಧೂಳು ಬರುತ್ತದೆಂದು ಮುಚ್ಚಿದ ಕಿಟಕಿಯ ಹಿಂದೆ ಕಾಕು ಕೂತಿದ್ದರು. ಬಡಕಲಾಗಿದ್ದರು.

"ಕನಸ ಬೀಳವಲ್ವು ತಮ್ಮಾ" ಎಂದರು. ಬೇರೆ ಯಾವ ದೂರೂ ಹೇಳಲಿಲ್ಲ.

ಮಗ ನನ್ನನ್ನು ಬಿಡಲು ಕೆಳಗಿಳಿದು ಬಂದಾಗ, ಪೈಪಿಗೆ ಬಟ್ಟೆ ತುರುಕಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. "ಮತ್ಲಬ್?" ಎಂದು ಅರ್ಥ ಕೇಳಿದ. "ಮತ್ಲಬ್ ಎಂತದೂ ಇಲ್ಲ ಮಾರಾಯ. ಗಾಡಿ ಚಾಲೂ ಮಾಡು" ಎಂದೆ.

ಅವನಿಗೆ ಗೇರು ಹಾಕುವ ಗಾಡಿ ಬರುತ್ತಿರಲಿಲ್ಲ. ಅವನ ಕಾರು ತಾನೇ ಗೇರು ಹಾಕಿಕೊಳ್ಳುವಂಥದ್ದು. ಕಾಕು ಪಕ್ಕದ ಸೀಟಿನಲ್ಲಿ ಕೂತು ಕಲಿಸಿದರು. ಸೊಸೈಟಿಯ ಗೇಟು ದಾಟುವಷ್ಟರಲ್ಲಿ ಇಂಜಿನ್ ಎಷ್ಟು ಸಲ ಬಂದಾಯಿತೆಂದರೆ ವಾಚ್‌ಮನ್ ತಮಾಷೆ ನೋಡಲು ಕುರ್ಚಿ ತಂದು ಹೊರಗೆ ಹಾಕಿಕೊಂಡು ಕೂತನಂತೆ. ಆಮೇಲೆ ಭಾನುವಾರಗಳು ಖಾಯಂ ಆದವು: ಬೇಲಾಪುರದ ಖಾಡಿಯ ದಂಡೆಗೋ, ಕಲ್ಯಾಣದ ಹಳೆಯ ಓಣಿಗೋ. ಒಮ್ಮೊಮ್ಮೆ ನಾನೂ ಕಿಟಕಿಯ ಕಡೆ ಒತ್ತಿಕೊಂಡು ಕೂರುತ್ತಿದ್ದೆ. ಈಗ ನಡುವೆ ಕೂತು ತೂಕಡಿಸುವ ಸರದಿ ಕಾಕುವಿನದು. ಕಣ್ಣು ಮುಚ್ಚಿದ್ದರೂ ಎಡಗೈ ಎದೆಯ ಮೇಲೆ, ಬಲಗೈ ಗೇರಿನ ಗುಂಡಿಯ ಮೇಲೆ. ಮಗ ಗೇರು ಹಾಕಬೇಕಾದಾಗ ಆ ಕೈಯ ಮೇಲೆ ಕೈಯಿಟ್ಟೇ ಹಾಕುತ್ತಿದ್ದ. ಹಾಲಿನವನ ಮೇಲಿನ ಸಿಟ್ಟು ಇಳಿಯಿತು, ಚಹಾ ಕುಡಿಯುವಂತಾಯಿತು. ಒಂದು ಭಾನುವಾರ ತಳೋಜೆಯ ಬಿಳುಪಿನಲ್ಲಿ ಕಣ್ಣು ಬಿಡದೆಯೇ ಅಂದರು, "ನಿನ್ನಿ ಮತ್ತ ಖಾಡಿ ಮ್ಯಾಲ ಹೊಂಟಿದ್ದೆ. ಈ ಸಲ ಹುಡುಗ ಹೊಡೀತಿದ್ದ. ನಾಕನೇ ಗೇರು ಹಾಕಿಬಿಟ್ಟ, ಹುಚ್ಚ." ಹುಚ್ಚ ಎನ್ನಿಸಿಕೊಂಡವನು ನಕ್ಕ.

ಈ ಮಳೆಗಾಲದ ಆರಂಭದಲ್ಲಿ ನಾಲ್ಕು ದಿನದ ಜ್ವರ ಅವರನ್ನು ಕರೆದುಕೊಂಡು ಹೋಯಿತು.

ತಿಥಿಯ ದಿನದ ಊಟ ಮುಗಿಸಿ ನಾವು ಪಾರ್ಕಿಂಗಿಗೆ ಇಳಿದೆವು. ಕಲ್ಯಾಣದ ಓಣಿಯ ಹೆಂಗಸರಲ್ಲಿ ಬರಲಾಗದವರಿಗೆ ಊಟದ ಡಬ್ಬಿ ಮುಟ್ಟಿಸಬೇಕಿತ್ತು. ಗಾಡಿಯ ಹಿಂದೆ ಸೊಸೈಟಿಯ ಸೆಕ್ರೆಟರಿ ಬಗ್ಗಿ ನಿಂತಿದ್ದರು. ಮರಾಠಿಯವರು, ಸಾವಿನ ಮನೆ ಎಂದು ದನಿ ತಗ್ಗಿಸಿಯೇ ಮಾತಾಡಿದರು. ಪೈಪಿನ ತುದಿಯ ಹಳೆಯ ಡಬ್ಬಿ ತುಕ್ಕು ಹಿಡಿದು ಉದುರಿಹೋಗಿತ್ತು, ಫರಶಿ ಕಲ್ಲಿನ ನೆಲದ ಮೇಲೆ ಎಣ್ಣೆಯ ಹನಿಗಳಿದ್ದವು. ಅವರು ಉಪಕಾರವೆಂದು ಒಂದು ಚಿಂದಿ ಬಟ್ಟೆಯನ್ನೂ ತಂದಿದ್ದರು. ಇದನ್ನು ಪೈಪಿನ ಬಾಯಿಗೆ ತುರುಕಿಬಿಟ್ಟರೆ ಮುಗಿಯಿತಲ್ಲ ಎಂದರು.

ಮಗ ಆ ಬಟ್ಟೆಯನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಬ್ಯಾಡ್ರಿ," ಎಂದ. "ಮುಚ್ಚಬ್ಯಾಡ್ರಿ. ಉಸಿರು ಬಿಡ್ಲಿ ಅದು."

ಅವನ ಬಾಯಲ್ಲಿ ಒಂದು ಇಡೀ ಕನ್ನಡ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು. ಸೆಕ್ರೆಟರಿ ಏನೂ ತಿಳಿಯದೆ ನನ್ನ ಮುಖ ನೋಡಿದರು. ನಾನು ಗಾಡಿಯ ಹೊದಿಕೆ ಎತ್ತಿ ಮಡಚತೊಡಗಿದೆ. ಮಗ ಮೇಲೆ ಹೋಗಿ ಅಡಿಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದ, ಮೊಳೆಯಿಂದ ಮುಚ್ಚಳಕ್ಕೆ ತೂತು ಹೊಡೆದ, ಮಂಡಿಯೂರಿ ಅದನ್ನು ಪೈಪಿನ ತುದಿಗೆ ಕಟ್ಟಿದ. ಚಿಂದಿಯಿಂದ ಫರಶಿ ಒರೆಸಿದ. ನಾನು ಹತ್ತಿ ಕೂತೆ; ನಡುವಿನ ಜಾಗದಲ್ಲಿ ಊಟದ ಡಬ್ಬಿ ಇಟ್ಟೆವು.

ಗೇಟು ದಾಟಿ ರಸ್ತೆಗೆ ಬಂದಾಗ ಎರಡನೆಯ ಗೇರು ಬೀಳಲಿಲ್ಲ. ಅವನು ಇನ್ನೊಮ್ಮೆ ಕ್ಲಚ್ ಒತ್ತಿ ಗುಂಡಿಯ ಮೇಲೆ ಅಂಗೈಯಿಟ್ಟ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಬಾರವ್ವಾ," ಎಂದು ಕರೆದ. "ಬಾ."

ಬಿತ್ತು.